ಶಟರಿನವನ ಮಾತ್ರೆ, ಸೂಜಿ ಮತ್ತು ಕೈ

ಮೇಲಿನ ಮನೆಯ ಅಜ್ಜಿ ಶಟರಿನವನನ್ನು ಮೊದಲು ಕಂಡ ದಿನ ಅವನು ನಡುಬೀದಿಯಲ್ಲಿ ಒಬ್ಬ ಅಂಗಡಿಯವನ ಕೆನ್ನೆಗೆ ಬಾರಿಸುತ್ತಿದ್ದ. ರಿಪೇರಿಗೆ ಬಿಚ್ಚಿಟ್ಟ ಶಟರಿನ ಸ್ಪ್ರಿಂಗಿಗೆ ಅಂಗಡಿಯವನು ಕೈ ಹಾಕಿದ್ದ.

"ಅದು ಎಗರಿದ್ರೆ ನಿನ್ನ ದವಡೆ ಎದುರಂಗಡಿ ಗಲ್ಲಾದಲ್ಲಿ ಬೀಳ್ತಿತ್ತು, ತಿಳೀತಾ?" ಎಂದು ಗದರಿ, ಏನೂ ಆಗದವನಂತೆ ಅಜ್ಜಿಯ ಕಡೆ ತಿರುಗಿದ. "ಅಜ್ಜಿ, ನಿಮ್ಮ ಕೆಳಗಿನ ಮನೆ ಖಾಲಿ ಇದೆಯಂತಲ್ಲ?"

ಹಾಗೆ ಬಂದವನು ಹೆಂಡತಿಯೊಡನೆ ಕೆಳಗೆ ನೆಲೆನಿಂತ. ಕೆಲಸದಲ್ಲಿ ಕೈ ಚುರುಕು, ಮನೆಯಲ್ಲಿ ಬಾಯಿ ಚುರುಕು, ಒಮ್ಮೊಮ್ಮೆ ಕೈಯೂ. ಪಾತ್ರೆ ಗೋಡೆಗೆ ಬಡಿದ ಸದ್ದು ಮೇಲಕ್ಕೆ ಕೇಳುತ್ತಿತ್ತು. ಮರುದಿನ ನಲ್ಲಿಯ ಹತ್ತಿರ ಹೆಂಡತಿ ಮುಖ ತಿರುಗಿಸಿಕೊಂಡು, "ಬಾಗಿಲು ತಗುಲ್ತು" ಅನ್ನುತ್ತಿದ್ದಳು.

"ಬಾಗಿಲಿಗೆ ಐದು ಬೆರಳಿದೆಯೇನೇ?" ಎಂದಳು ಅಜ್ಜಿ.

ವರ್ಷಗಟ್ಟಲೆ ಕುಡಿದ ವೆಲ್ಡಿಂಗ್ ಹೊಗೆ ಅವನ ಎದೆ ಹಿಡಿಯಿತು. ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಉಸಿರೇನೋ ಬಂತು, ಆದರೆ ಮೊದಲೇ ಇದ್ದ ಸಕ್ಕರೆ ಕಾಯಿಲೆ ಕೈಮೀರಿತು. ಬೆಳಗ್ಗೆ ನೆಟ್ಟಗಿದ್ದ ಸಕ್ಕರೆ ಮಧ್ಯಾಹ್ನ ದಾಟಿದರೆ ನಾನೂರು. ಎಷ್ಟು ನೀರು ಕುಡಿದರೂ ಬಾಯಾರಿಕೆ. ಕಾಲ್ಬೆರಳಿನ ಗಾಯ ಮಾಯಲೊಲ್ಲದು. ಬೆಳಗಿನ ಮಾತ್ರೆಯ ಜೊತೆ ಇನ್ಸುಲಿನ್ ಬರೆದುಕೊಟ್ಟರು. ಚುಚ್ಚುವವಳು ಹೆಂಡತಿ.

"ಹೊಡೆದ ಕೈಗೇ ಸೂಜಿ ಚುಚ್ತೀನಿ ನೋಡಿ ಅಜ್ಜಿ. ಇನ್ನೊಂದು ಏಟು ಬಿದ್ರೆ ಹೊರಟೆ. ಅವರಿಗೂ ಹೇಳಿದ್ದೀನಿ."

ಎದೆ ಹಗುರಾದಂತೆ ಡಾಕ್ಟರು ಮಾತ್ರೆ ಇಳಿಸುತ್ತ ಬಂದರು. ಸಕ್ಕರೆ ನೋಡುತ್ತಿರಿ, ನಮ್ಮನ್ನು ಕೇಳಿ ಇನ್ಸುಲಿನ್ನನ್ನೂ ಇಳಿಸಿ ಎಂದಿದ್ದರು. ನಾನೂರು ಕಂಡು ಬೆದರಿದ್ದವನು ಒಪ್ಪಲಿಲ್ಲ.

"ತಗಡಿನ ಪಟ್ಟಿ ತೆಗೆದು ಶಟರ್ ಹಗುರ ಮಾಡಿದ್ಮೇಲೆ ಸ್ಪ್ರಿಂಗ್ ಸಡಿಲ ಮಾಡಲ್ವಾ ನೀವು?" ಎಂದಳು ಹೆಂಡತಿ.

"ನನಗೇ ಶಟರ್ ಪಾಠನಾ? ಹಾಕು, ಅಷ್ಟೇ ಹಾಕು!"

ಒಂದು ಮಧ್ಯಾಹ್ನ ಅವನ ಊಟ ತಡವಾಯಿತು. ಕೆಳಗೆ ಗಾಜು ಪುಡಿಯಾದ ಸದ್ದು ಕೇಳಿ ಅಜ್ಜಿ ಇಳಿದು ಬಂದಳು. ಶಟರ್ ಎಳೆಯುವ ಕಬ್ಬಿಣದ ಕೊಕ್ಕೆ ಅವನ ಕೈಯಲ್ಲಿತ್ತು. ಮೈಯೆಲ್ಲ ಬೆವರು, ಕಣ್ಣಿಗೆ ಯಾರ ಗುರುತೂ ಇಲ್ಲ. ಹೆಂಡತಿ ಮೂಲೆಯಲ್ಲಿ ಕುಸಿದಿದ್ದಳು. ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು, ಮುಂಗೈ ಮುರಿದು ಜೋತಿತ್ತು.

"ಸಕ್ಕರೆ ಇಳಿದಿದೆ ಅಜ್ಜಿ! ಸಕ್ಕರೆ ನೀರು ತನ್ನಿ!" ಎಂದು ಅವಳೇ ಕೂಗಿದಳು.

ಅಜ್ಜಿ ಕಲಸಿ ತಂದ ಲೋಟವನ್ನು ಅವನು ಬಡಿದೆಸೆದ. ಅಜ್ಜಿಯ ತುಟಿ ಒಡೆಯಿತು. ಕೊಕ್ಕೆ ಮತ್ತೆ ಬೀಸಿ ಬಂತು, ಕಪಾಟಿನ ಬಾಗಿಲು ಸೀಳಿತು. ಅಜ್ಜಿ ಕಲಸಿದ ಎರಡನೆಯ ಲೋಟವನ್ನು ಹೆಂಡತಿ ನೆಟ್ಟಗಿದ್ದ ಕೈಯಲ್ಲಿ ಹಿಡಿದು, "ಕುಡೀರಿ, ಕುಡೀರಿ" ಎನ್ನುತ್ತ ಅವನ ಬಾಯಿಗಿಟ್ಟಳು. ಗುಟುಕು ಗುಟುಕಾಗಿ ಕುಡಿದ. ಕೊಕ್ಕೆ ಜಾರಿ ಬಿತ್ತು.

"ಯಾರಿಗೆ ರಕ್ತ ಬಂತು?" ಎಂದ, ಕೊನೆಗೆ.

ಮುಂಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದವಳು ಅಣ್ಣನನ್ನು ಕರೆಸಿದಳು. ಶಟರಿನವನು ಬಾಗಿಲಿಗೆ ಅಡ್ಡ ನಿಂತ. "ಅದು ನಾನಲ್ಲ ಕಣೇ, ಸಕ್ಕರೆ! ಡಾಕ್ಟರೂ ಅದನ್ನೇ ಹೇಳಿದ್ರಲ್ಲ!"

"ಅವತ್ತಿಂದು ಸಕ್ಕರೆ. ಮಾತ್ರೆ, ಸೂಜಿ ಯಾವುದೂ ಇಲ್ಲದಾಗ ಹೊಡೀತಿದ್ರಲ್ಲ, ಅದು?"

ಅವನು ಪಕ್ಕಕ್ಕೆ ಸರಿದ. ಅವಳು ಹೋದಳು.

ಇನ್ಸುಲಿನ್ ಆಮೇಲೆ ಅಳತೆಗೆ ಬಂತು. ಅವಳು ಬರಲಿಲ್ಲ. ಮನೆ ಬಿಡುವ ದಿನ ಬೀಗದ ಕೈ ಕೊಡಲು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ.

"ಅಜ್ಜಿ, ಮೇಲಿಂದ ಎಲ್ಲ ಕೇಳಿಸ್ಕೊಂಡವರು ನೀವು. ನಿಜ ಹೇಳಿ. ಅದ್ರಲ್ಲಿ ಸಕ್ಕರೇದೆಷ್ಟು, ನಂದೆಷ್ಟು?"