ದೇವಿಂದ್ರ ಮಾಸ್ತರ ತಿಪ್ಪೆ

ತೀರಿಕೊಳ್ಳುವ ಹಿಂದಿನ ದಿನವೂ ದೇವಿಂದ್ರ ಮಾಸ್ತರು ರಾವೂರಿನ ಶಾಲೆಯಲ್ಲಿ ಸಿಪ್ಪೆಯ ಹಾಜರಿ ಕರೆದರು. ಹೆಸರು ಕೂಗಿದಾಗ 'ಬಂದೀನ್ರಿ ಸರ್' ಎಂದರೆ ಸಾಲದು, ಮನೆಯಿಂದ ತಂದ ಸಿಪ್ಪೆಯನ್ನು ಎತ್ತಿ ತೋರಿಸಬೇಕು. ಮರೆತವರು ಬೇವಿನ ಎಲೆ ಆರಿಸಿ ತರಬೇಕು. ಎಲ್ಲವೂ ಕೈತೋಟದ ತಿಪ್ಪೆಗೆ. ಶಾಲೆಯ ನೆಲವೋ, ಕೆಳಗೆ ಫರಸಿ ಬಂಡೆ, ಮೇಲೆ ಗೇಣು ಮಣ್ಣು. ಅಲ್ಲಿ ಬದನೆ ಬೆಳೆಯಬೇಕಾದರೆ ಮಣ್ಣನ್ನೇ ಮಾಡಬೇಕು ಎಂಬುದು ಅವರ ಹಟ. ಮದುವೆಗೆ ಹೋದರೂ ಮೊದಲು ಬಾಳೆಸಿಪ್ಪೆಯ ಬುಟ್ಟಿ ಹುಡುಕುವರು. "ಇನ್ನಾ ನೀರು ಕುಡಿದಿಲ್ಲ, ಆಗ್ಲೇ ಸಿಪ್ಪಿ ಆರ್ಸಾಕತ್ತೀರಿ. ಬೀಗರು ಏನ್ ಅಂದ್ಕೋತಾರ?" ಎಂದು ಹೆಂಡತಿ ಲಾಲಮ್ಮ ಬೈದರೆ, "ಅವರು ಒಗೀತಾರ, ನಾ ಒಯ್ತೀನಿ. ಜಗಳ ಎಲ್ಲದ?" ಎನ್ನುವರು. ಗೊಬ್ಬರ ಕಳಿತಿದೆಯೋ ಇಲ್ಲವೋ ತಾವು ಎಂದೂ ಹೇಳರು. ಒಂದು ಹಿಡಿ ತೆಗೆದು ಮಕ್ಕಳ ಮುಂದೆ ಹಿಡಿದು, "ಮೂಸಿ ಹೇಳ್ರಿ" ಎನ್ನುವರು. "ಹೊಲಸು ನಾರ್ತದ್ರಿ ಸರ್" ಎಂದರೆ ಒಣ ಎಲೆ ಹಾಕಿ ತಿರುವುವರು. "ಈಗ ಹರಗಿದ ಹೊಲದ ಮಣ್ಣಿನಂಗ ವಾಸನಿ ಬರ್ತದ್ರಿ" ಎಂದರೆ ಸಸಿಗೆ ಹಾಕುವರು. ಕಲಿಸಿದರೆ ಹೀಗೆ ಕಲಿಸಬೇಕು ಎಂದು ಊರು ಹೊಗಳಿತು. ಮಾಸ್ತರಾಗುವ ಮೊದಲು ವರ್ಷಗಟ್ಟಲೆ ಗಣಿಯ ಧೂಳು ಕುಡಿದ ಅವರ ಮೂಗಿಗೆ ಯಾವ ವಾಸನೆಯೂ ತಿಳಿಯದು ಎಂಬುದು ಲಾಲಮ್ಮನಿಗೆ ಮಾತ್ರ ಗೊತ್ತಿತ್ತು. ಈಗ ಅವರಿಲ್ಲ. ಅವರು ಹಾಕಿದ ಕೊನೆಯ ತಿಪ್ಪೆ ಅರ್ಧ ಕಳಿತು ನಿಂತಿದೆ, ಕೈಬಿಟ್ಟರೆ ಹಾಳಾಗುತ್ತದೆ. ದಿನಾ ಬೆಳಿಗ್ಗೆ ಚಹಾ ಕುಡಿಯುವ ಮೊದಲು ಲಾಲಮ್ಮ ಸಲಿಕೆ ಹಿಡಿದು ಶಾಲೆಗೆ ಹೋಗಿ ಅದನ್ನು ತಿರುವುತ್ತಾಳೆ. ಅವಳ ಮೂಗು ಚೆನ್ನಾಗಿಯೇ ಇದೆ. ಆದರೂ ಒಂದು ಹಿಡಿ ತೆಗೆದಿಟ್ಟುಕೊಂಡು, ಮಕ್ಕಳು ಬರುವ ತನಕ ಕಾಯುತ್ತಾಳೆ.