ಬಿಳಿ ನೂಲಿನ ಡಬ್ಬಿ

ಒಂದು ಡಬ್ಬಿಯ ಮುಚ್ಚಳ ಹಾಕುವುದನ್ನು ನಾನು ಮರೆತೆ. ಅದು ಯಾರಿಗಾದರೂ ಆಗುವಂಥ ಮರೆವು. ಆದರೆ ಮರೆತಿದ್ದೆ ಎಂದು ಹನ್ನೆರಡು ವರ್ಷ ಬಾಯಿ ಬಿಡಲಿಲ್ಲ. ಇದನ್ನು ಬರೆಯಲು ಕೂತಿರುವುದು ಆ ಎರಡನೆಯದಕ್ಕಾಗಿ.

ನನ್ನ ಅಕ್ಕನ ಬಲಗೈ ಹೆಬ್ಬೆರಳ ತುದಿ ಸೀಸದ ಬಣ್ಣಕ್ಕೆ ತಿರುಗಿತ್ತು. ಬೆರಳಿನ ಗೆರೆಗಳ ಒಳಗೆಲ್ಲ ಕಪ್ಪು ಕೂತು, ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಮದುವೆಮನೆಗಳಲ್ಲಿ ಹೆಂಗಸರು ಅದನ್ನು ನೋಡಿ ಹುಬ್ಬು ಏರಿಸಿದರೆ ಅಕ್ಕ ಕೈ ಮರೆಮಾಡುತ್ತಿರಲಿಲ್ಲ. "ನಿಮ್ಮ ಮದರಂಗಿ ಎಂಟು ದಿನಕ್ಕೆ ಹೋಗ್ತತಿ. ನಂದು ಹೋಗಾದಲ್ಲ," ಎನ್ನುತ್ತಿದ್ದಳು.

ಆ ಕಪ್ಪು ಬಂದೂಕಿನ ಮದ್ದಿನದು. ದಾವಣಗೆರೆಯ ಪಿ.ಜೆ. ಬಡಾವಣೆಯ ಅಂಚಿನ ಒಂದು ಓಣಿಯಲ್ಲಿ ಅಪ್ಪನದೊಂದು ಪುಟ್ಟ ಅಂಗಡಿ. ಹೊಲ ಕಾಯಲು ಪರವಾನಗಿ ಪಡೆದ ರೈತರ ಬಂದೂಕುಗಳನ್ನು ರಿಪೇರಿ ಮಾಡುವುದು, ಅವರಿಗೆ ಮದ್ದು, ಸೀಸದ ಚರೆ, ಮದ್ದಿಗೆ ಕಿಡಿ ತಾಗಿಸುವ ಕೇಪು ಕೊಡುವುದು, ಹಾರಿಸಿ ಖಾಲಿಯಾದ ತೋಟಾಗಳನ್ನು ಮತ್ತೆ ತುಂಬಿಕೊಡುವುದು ನಮ್ಮ ಕಸುಬು. ಅಪ್ಪನ ಕಣ್ಣಿಗೆ ಪೊರೆ ಬಂದಾಗ ಯಾವ ಮದ್ದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ನೋಡುವವರು ಬೇಕಾದರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಂಗಡಿಯಲ್ಲೇ ಇದ್ದವನು. ಆದರೂ ಅಪ್ಪ ಕರೆದದ್ದು ಹರಿಹರಕ್ಕೆ ಮದುವೆಯಾಗಿ ಹೋಗಿದ್ದ ಅಕ್ಕನನ್ನು. "ನಿನಗೆ ಅವಸರ ಜಾಸ್ತಿ. ಮದ್ದಿನ ಮುಂದೆ ಅವಸರ ಮಾಡೋನು ನಿಂದ್ರಬಾರ್ದು," ಎಂದರು. ಅಪ್ಪನ ಮಾತು ನಿಜವಾಗಿತ್ತು.

ಅಂದಿನಿಂದ ಅಕ್ಕ ಮನೆಯ ಅಡುಗೆ ಮುಗಿಸಿ, ಬೆಳಗಿನ ಬಸ್ಸು ಹತ್ತಿ ಬರುತ್ತಿದ್ದಳು. ಇಪ್ಪತ್ತು ವರ್ಷ ಬಂದಳು. ಚಪ್ಪಲಿ ಹೊರಗೆ ಬಿಟ್ಟು, ಅಪ್ಪನ ಕಾಲು ಮುಟ್ಟಿ, ಹಣೆಗೆ ವಿಭೂತಿ ಹಚ್ಚಿಕೊಳ್ಳುವಳು. ಅದನ್ನೂ ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿ ನೋಡಿಯೇ ಹಚ್ಚಿಕೊಳ್ಳುವಳು. "ಈ ಸಲದ್ದು ಬರೇ ಸುಣ್ಣ ಕಣಪ್ಪ. ಶಿವನಿಗೆ ಮೋಸ ಮಾಡ್ಯಾರೆ," ಎಂದು ಅಪ್ಪನನ್ನು ನಗಿಸುವಳು.

ಮದ್ದು ಬಂದ ದಿನ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕುವಳು. ಕಾಳು ಗಟ್ಟಿಯಾಗಿ ಉಳಿದರೆ ಸರಿ, ಪುಡಿಯಾಗಿ ಬೆರಳಿಗೆ ಮೆತ್ತಿದರೆ ಬೇಡ. ಆಮೇಲೆ ಹಿತ್ತಿಲ ಕಲ್ಲಿನ ಮೇಲೆ ಬಿಳಿ ಹಾಳೆ ಇಟ್ಟು, ಅದರ ಮೇಲೆ ಚಿಟಿಕೆ ಮದ್ದು ಉರಿಸಿ, ಹಾಳೆಯ ಮೇಲೆ ಉಳಿದ ಕಲೆಯನ್ನು ಜಾತಕ ಓದಿದ ಹಾಗೆ ಓದುವಳು. ಒಳ್ಳೆಯ ಮದ್ದು ಹಾಳೆಯನ್ನು ಸುಡದೆ ಹೋಗಿಬಿಡುತ್ತಿತ್ತು. ಕೆಟ್ಟದ್ದು ಅಂಟಂಟಾದ ಕಪ್ಪು ಮಸಿ ಬಿಡುತ್ತಿತ್ತು. ಕಾಳಿನ ಗಾತ್ರಕ್ಕೆ ಅವಳ ಲೆಕ್ಕ ಅಡುಗೆಮನೆಯದು. "ಚಿರೋಟಿ ರವೆಯಂಗೆ ಇದ್ರೆ ಬಂದೂಕಿಗೆ ಒದೆ ಜಾಸ್ತಿ. ಬನ್ಸಿ ರವೆಯಂಗೆ ಇರ್ಬೇಕು. ಅದಕ್ಕಿಂತ ದಪ್ಪ ಆದ್ರೆ ಅರ್ಧ ಮದ್ದು ನಳಿಗೆ ಬಿಟ್ಟು ಹೊರಗೆ ಹೋದ ಮೇಲೆ ಉರೀತತಿ, ಹಂದಿಗೆ ದೀಪ ತೋರ್ಸಿದಂಗೆ."

ಎಲ್ಲ ನೋಡಿ ಒಪ್ಪಿದ ಮೇಲೆ ಡಬ್ಬಿಯ ಮುಚ್ಚಳದ ಸುತ್ತ ಬಿಳಿ ನೂಲು ಸುತ್ತಿ ಗಂಟು ಹಾಕುವಳು. ನೂಲು ಇದೆ ಎಂದರೆ ಅಕ್ಕ ನೋಡಿದ್ದಾಳೆ ಎಂದರ್ಥ. ಅದನ್ನು ಇನ್ನೊಮ್ಮೆ ನೋಡುವ ಮಾತಿಲ್ಲ. ಡಬ್ಬಿ ಬಿಚ್ಚಿದವರು ತಕ್ಷಣ ಮುಚ್ಚಿ ಮತ್ತೆ ನೂಲು ಸುತ್ತಬೇಕು. ಸುತ್ತಮುತ್ತಲ ಹಳ್ಳಿಗಳವರು ಅಂಗಡಿಗೆ ಬಂದು ಮದ್ದಿನ ಬೆಲೆ ಕೇಳುವುದಕ್ಕಿಂತ ಮೊದಲು "ಅಕ್ಕಾರು ನೋಡ್ಯಾರೇನು?" ಎಂದು ಕೇಳುತ್ತಿದ್ದರು. ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕಾರು ಎಂದೇ ಕರೆದರು.

ಮದ್ದು ಕೊಡುವ ಮೊದಲು ಬಂದೂಕಿನ ವಯಸ್ಸು ಕೇಳುವುದು ಅವಳ ರೂಢಿ. ಒಮ್ಮೆ ಬಡಾವಣೆಯ ದೊಡ್ಡ ಮನೆಯ ಹುಡುಗನೊಬ್ಬ ಅಜ್ಜನ ಕಾಲದ ಜೋಡುನಳಿಗೆ ಬಂದೂಕು ತಂದ. ಇದಕ್ಕೆ ಕರಿಮದ್ದು ಯಾಕೆ, ಹೊಗೆ ಬರದ ಹೊಸ ಮದ್ದು ತುಂಬಿಕೊಡಿ ಎಂದ.

"ಬ್ಯಾಡಪ್ಪ," ಎಂದಳು ಅಕ್ಕ.

"ಯಾಕ್ರಿ? ಎಲ್ಲಾ ಕಡೆ ಈಗ ಅದೇ ನಡೆಯಾದು."

"ನಿಮ್ಮಜ್ಜ ಇದಾರಾ?"

"ಅದಾರೆ. ಎಂಬತ್ತಾಗೈತೆ."

"ಅವ್ರಿಗೆ ನಿನ್ನ ಬುಲೆಟ್ ಗಾಡಿ ಕೊಟ್ಟು ಹರಿಹರಕ್ಕೆ ಹೋಗಿ ಬಾ ಅಂತೀಯೇನು?"

ಹುಡುಗ ನಕ್ಕ. ಅಕ್ಕ ನಗಲಿಲ್ಲ. "ಇದೂ ನಿಮ್ಮಜ್ಜನೇ. ಇದರ ನಳಿಗೆ ಕರಿಮದ್ದಿನ ಕಾಲದ್ದು. ಹೊಸ ಮದ್ದಿನ ಜೋರು ತಡಿಯಾದಿಲ್ಲ, ಒಡೆದು ನಿನ್ನ ಮುಖಕ್ಕೆ ಬರ್ತತಿ. ಹೊಗೆ ಬಂದ್ರೆ ಬರ್ಲಿ. ಹೊಗೆ ಕಣ್ಣಿಗೆ ನೀರು ತರ್ಸ್ತತಿ, ಕಣ್ಣು ತೆಗೆಯಾದಿಲ್ಲ." ಅವನು ಬೇರೆ ಅಂಗಡಿಗೆ ಹೋಗುತ್ತೇನೆ ಎಂದಾಗ "ಹೋಗು, ಆದ್ರೆ ಮೊದ್ಲು ನಿಮ್ಮಜ್ಜಗೆ ಕೇಳು" ಎಂದಳು. ಮಾರನೇ ದಿನ ಅಜ್ಜನೇ ಆಟೊದಲ್ಲಿ ಬಂದರು, ಕರಿಮದ್ದು ತುಂಬಿಸಿಕೊಂಡು ಹೋದರು. ಹೋಗುವಾಗ "ನನ್ನನ್ನ ಬಂದೂಕಿಗೆ ಹೋಲ್ಸಿದ್ದು ಚಲೋ ಆತವ್ವ. ಮನ್ಯಾಗೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿರ್ಲಿಲ್ಲ" ಎಂದರು.

ಅಪ್ಪ ತೀರಿಕೊಂಡ ಮೇಲೆ ಅಂಗಡಿ ನನ್ನ ಹೆಸರಿಗೆ ಬಂತು, ಮದ್ದಿನ ಮಾತು ಅಕ್ಕನದೇ ಆಗಿ ಉಳಿಯಿತು. ಅದರ ಮರುವರ್ಷ ಮಳೆಗಾಲದಲ್ಲಿ ಮಾಯಕೊಂಡದ ನೆಂಟರ ಮನೆಯಲ್ಲಿ ತೊಟ್ಟಿಲು ಶಾಸ್ತ್ರ ಇತ್ತು. ಅಕ್ಕ ಎರಡು ದಿನ ಹೋದಳು. ಹೊಸದಾಗಿ ಬಂದಿದ್ದ ಮದ್ದನ್ನು ನಾಲ್ಕು ದಿನ ಕೂತು ಆರಿಸಿ, ನೂಲು ಕಟ್ಟಿಟ್ಟಿದ್ದಳು. "ಎರಡು ದಿನ ಪೂರಾ ನಿನ್ನ ಕೈಗೆ ಬಿಟ್ಟು ಹೊಂಟಿದೀನಿ ತಮ್ಮ. ತೆಗೆದ ಕೈಯಲ್ಲೇ ಮುಚ್ಚು," ಎಂದು ಹೇಳಿದಳು. ಮೂವತ್ತಾರು ವರ್ಷದವನಿಗೆ ಹೀಗೆ ಹೇಳಬೇಕೇ ಎಂದು ನನಗೆ ಸಿಟ್ಟು ಬಂದಿತ್ತು.

ಆ ಸಂಜೆ ಒಬ್ಬ ಗಿರಾಕಿಗೆ ಮದ್ದು ಕೊಡಲು ಡಬ್ಬಿ ಬಿಚ್ಚಿದೆ. ಇಸ್ಪೀಟಿನ ಗೆಳೆಯರು ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದರು. ಅಂಗಡಿಗೆ ಬೀಗ ಹಾಕಿ ಹೊರಟೆ. ಡಬ್ಬಿ ಹಿಂದಿನ ಕಿಟಕಿಯ ಪಕ್ಕ ಬಾಯಿ ತೆರೆದುಕೊಂಡೇ ಉಳಿಯಿತು. ಬೆಳಿಗ್ಗೆ ಬಂದು ನೋಡಿದರೆ ಮಳೆಯ ಎರಚಲು ಬಡಿದು ಮದ್ದು ಗಂಟುಗಂಟಾಗಿತ್ತು.

ಒಮ್ಮೆ ನೆಂದ ಮದ್ದು ಒಣಗಿದರೂ ಮೊದಲಿನ ಮದ್ದಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಚೆಲ್ಲಿ, ಅಕ್ಕನಿಗೆ ಹೇಳಿದ್ದರೆ ಎರಡು ಮಾತು ಬೈದು ಸುಮ್ಮನಾಗುತ್ತಿದ್ದಳು. ಆದರೆ ಆ ಎರಡು ಮಾತು ನನಗೆ ಬೇಡವಾಗಿತ್ತು. ಬಿಸಿಲು ಬಂದ ಹೊತ್ತಿಗೆ ಹಿತ್ತಿಲಲ್ಲಿ ಪೇಪರು ಹಾಸಿ ಒಣಗಿಸಿದೆ. ಗಂಟುಗಳನ್ನು ಬೆರಳಲ್ಲಿ ಬಿಡಿಸಿದೆ. ಮತ್ತೆ ಡಬ್ಬಿಗೆ ಹಾಕಿ ಬಿಳಿ ನೂಲು ಸುತ್ತಿದೆ. ಅಕ್ಕನ ಗಂಟು ನನಗೂ ಬರುತ್ತಿತ್ತು, ಅವಳೇ ಕಲಿಸಿದ್ದು.

ಅಕ್ಕ ಮರಳಿ ಬಂದಳು. ನೂಲು ನೋಡಿದಳು, ಬಿಚ್ಚಿದಳು, ತಿಕ್ಕಿ ನೋಡಲಿಲ್ಲ. ತನ್ನದೇ ನೂಲನ್ನು ಅವಳೇಕೆ ಅನುಮಾನಿಸಬೇಕು? ಹಿತ್ತಾಳೆ ಅಳತೆಯಲ್ಲಿ ತೆಗೆದು, ಕೊಕ್ಕನೂರಿನ ಗೌಡರ ತೋಟಾಗಳಿಗೆ ತುಂಬಿದಳು. ನಾನು ಪಕ್ಕದಲ್ಲೇ ಕೂತು ಚರೆ ತೂಗುತ್ತಿದ್ದೆ.

ವಾರ ಕಳೆದ ಮೇಲೆ ಗೌಡರ ತಮ್ಮ ಅಂಗಡಿಗೆ ಬಂದ. ಮೆಕ್ಕೆಜೋಳದ ಹೊಲಕ್ಕೆ ಹಂದಿ ನುಗ್ಗಿತ್ತು. ಗೌಡರು ಬಂದೂಕಿನ ಕುದುರೆ ಎಳೆದರು, ತೋಟಾ ಪುಸ್ಸೆಂದಿತು, ಚರೆ ನಾಲ್ಕು ಮಾರು ದೂರಕ್ಕೆ ಉದುರಿತು. ಹಂದಿ ತಿರುಗಿ ಬಂದು ತೊಡೆ ಸೀಳಿತ್ತು. ಗೌಡರು ಆಸ್ಪತ್ರೆಯಲ್ಲಿದ್ದರು. ಜೀವಕ್ಕೆ ಭಯವಿಲ್ಲ, ಕಾಲು ಮೊದಲಿನಂತಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

"ಅಕ್ಕಾರು ನೋಡಿದ ಮದ್ದು ಅಂತ ನಂಬಿದ್ವಿ," ಎಂದ.

ಅಕ್ಕ ಡಬ್ಬಿ ತಂದು ಒಂದು ಚಿಟಿಕೆ ತಿಕ್ಕಿದಳು. ಹಿತ್ತಿಲಿಗೆ ಹೋಗಿ ಹಾಳೆಯ ಮೇಲೆ ಉರಿಸಿದಳು. ಹಾಳೆ ಹಿಡಿದುಕೊಂಡು ಬಂದಾಗ ಅದರ ಮೇಲೆ ಅಂಟಂಟಾದ ಮಸಿ ಇತ್ತು. ನನ್ನ ಕಡೆ ತಿರುಗಿದಳು.

"ನಾನಿಲ್ಲದಾಗ ಡಬ್ಬಿಗೆ ನೀರೇನಾದ್ರೂ ಬಿತ್ತೇನೋ?"

"ಇಲ್ಲಕ್ಕ."

ಒಂದೇ ಸಲ ಕೇಳಿದಳು. ನನ್ನ ಮಾತನ್ನು ನಂಬಿದಳು. ಗೌಡರ ತಮ್ಮನ ಮುಂದೆ ನಿಂತು, "ನಾನೇ ನೋಡಿದ್ದು. ನನ್ನ ಕೈ ತಪ್ಪು," ಎಂದಳು. ಊರಲ್ಲಿ ಮಾತು ಹರಡಲು ಹೆಚ್ಚು ದಿನ ಬೇಕಾಗಲಿಲ್ಲ. ಹೆಂಗಸಿನ ಕೈಗೆ ಮದ್ದು ಕೊಟ್ಟರೆ ಇನ್ನೇನಾಗುತ್ತದೆ ಎಂದು ಅಂಗಡಿಯ ಮುಂದೆಯೇ ಆಡಿದವರುಂಟು. ನಾನು ಅದನ್ನೂ ಕೇಳಿಕೊಂಡು ಸುಮ್ಮನಿದ್ದೆ.

ಅಕ್ಕ ಆಸ್ಪತ್ರೆಗೆ ಹೋಗಿ ಗೌಡರನ್ನು ನೋಡಿ ಬಂದಳು. ಮರುದಿನದಿಂದ ಬೆಳಗಿನ ಬಸ್ಸು ಹತ್ತಲಿಲ್ಲ. ನಾನು ಫ್ಯಾಕ್ಟರಿಯಲ್ಲೇ ತುಂಬಿ ಬರುವ ತೋಟಾ ಮಾರತೊಡಗಿದೆ. ಕರಿಮದ್ದು ಕೇಳಿ ಬರುವ ಹಳಬರಿಗೆ ಮಾತ್ರ ಒಂದೊಂದು ಡಬ್ಬಿ ತರಿಸುತ್ತಿದ್ದೆ. ಅದಕ್ಕೆ ನೂಲು ಕಟ್ಟುತ್ತಿರಲಿಲ್ಲ.

ಹರಿಹರದ ಮನೆಯಲ್ಲಿ ಅಕ್ಕ ದುಃಖದಲ್ಲಿದ್ದಳು ಎಂದರೆ ಸುಳ್ಳಾಗುತ್ತದೆ. ಮಗನಿಗೆ ಮದುವೆ ಮಾಡಿದಳು, ಮೊಮ್ಮಗಳನ್ನು ಆಡಿಸಿದಳು, ಸಂಜೆ ಹೊಳೆಯ ದಂಡೆಗೆ ಹೋಗಿ ಓರಗೆಯವರೊಂದಿಗೆ ಹರಟೆ ಹೊಡೆದಳು. ನಾನು ಹೋದಾಗಲೆಲ್ಲ ಮಂಡಕ್ಕಿ ಕಲಸಿಕೊಟ್ಟಳು. ಆದರೆ ಒಂದು ಸಲ ಅವಳು ಗಿರಣಿಯಿಂದ ಬಂದ ಜೋಳದ ಹಿಟ್ಟನ್ನು ಮುಂದಿಟ್ಟುಕೊಂಡು, ಸೊಸೆಯನ್ನು ಕರೆದು, "ಸಣ್ಣಾಗೈತೇನು, ನೋಡವ್ವ. ನನಗೆ ತಿಳಿಯಾದಿಲ್ಲ," ಎಂದದ್ದನ್ನು ಕೇಳಿದೆ. ವಿಭೂತಿಯನ್ನೂ ಈಗ ತಿಕ್ಕಿ ನೋಡುತ್ತಿರಲಿಲ್ಲ, ಹೇಗಿದೆಯೋ ಹಾಗೆ ಹಚ್ಚಿಕೊಳ್ಳುತ್ತಿದ್ದಳು. ಹೆಬ್ಬೆರಳು ತೊಳೆದು ತೊಳೆದು ಎಲ್ಲರ ಬೆರಳಿನಂತೆ ಬೆಳ್ಳಗಾಗಿತ್ತು. ಅದನ್ನು ನೋಡಿದ ಮೇಲೆ ಅವಳ ಮನೆಗೆ ಹೋಗುವುದನ್ನು ನಾನು ಕಡಿಮೆ ಮಾಡಿದೆ.

ಹೋದ ಶ್ರಾವಣದಲ್ಲಿ ಕೊಕ್ಕನೂರಿನ ಗೌಡರು ಕೋಲೂರಿಕೊಂಡು ಅಂಗಡಿಗೆ ಬಂದರು. ಹನ್ನೆರಡು ವರ್ಷದಲ್ಲಿ ಮೊದಲ ಸಲ. ನಾನು ಎದ್ದು ನಿಂತೆ.

"ಕೂಡ್ರಿ ಗೌಡ್ರೇ."

"ಕೂತ್ರೆ ಏಳಾಕೆ ತ್ರಾಸು. ಹೊಲಕ್ಕೆ ಮತ್ತೆ ಹಂದಿ ಬಿದ್ದಾವೆ. ನಮ್ಮ ಹಳೇ ಬಂದೂಕಿಗೆ ನಿನ್ನ ಫ್ಯಾಕ್ಟರಿ ತೋಟಾ ಹಾಕಾಕೆ ನನಗೆ ಧೈರ್ಯ ಇಲ್ಲ. ಕರಿಮದ್ದು ಬೇಕು. ಅಕ್ಕಾರು ನೋಡಿದ್ದು."

"ಅಕ್ಕ ಈಗ ನೋಡಾದಿಲ್ರಿ. ಅವತ್ತಿಂದ ಬಿಟ್ಟಾಳೆ."

"ಅವತ್ತೊಂದು ದಿನ ಕೆಡ್ತು. ಅದಕ್ಕಿಂತ ಮುಂಚೆ ಇಪ್ಪತ್ತು ವರ್ಷ ಕೆಟ್ಟಿರ್ಲಿಲ್ಲಲ್ಲ? ಕಾಲು ಹೋದ ನಾನೇ ಸುಮ್ಮನಿದೀನಿ, ನಿನ್ನದೇನು ನಡುವೆ? ಡಬ್ಬಿ ತಗೊಂಡು ಗಾಡಿ ಹತ್ತು."

ಅವರ ತಮ್ಮನ ಕಾರಿನಲ್ಲಿ ಹರಿಹರಕ್ಕೆ ಹೋದೆವು. ದಾರಿಯುದ್ದಕ್ಕೂ ಗೌಡರು ಮೆಕ್ಕೆಜೋಳದ ಮಾತಾಡಿದರು. ಡಬ್ಬಿ ನನ್ನ ತೊಡೆಯ ಮೇಲಿತ್ತು.

ಅಕ್ಕ ಪಡಸಾಲೆಯಲ್ಲಿ ಕೂತು ರವೆ ಜರಡಿ ಹಿಡಿಯುತ್ತಿದ್ದಳು. ಗೌಡರನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು. "ಬರ್ರಿ ಗೌಡ್ರೇ, ಕಾಲು ಹೆಂಗೈತಿ?" ಎಂದು ಕೇಳಿದಳು.

"ಮಳೆ ಬರಾದು ನಿಮ್ಮ ಟಿ.ವಿ.ಗಿಂತ ಮೊದ್ಲು ಇದಕ್ಕೆ ಗೊತ್ತಾಗ್ತತಿ," ಎಂದು ಗೌಡರು ಕುರ್ಚಿಯಲ್ಲಿ ಕೂತು ತೊಡೆ ತಟ್ಟಿಕೊಂಡರು. ಡಬ್ಬಿಯನ್ನು ಅವಳ ಮುಂದಿಡುವಂತೆ ನನಗೆ ಸನ್ನೆ ಮಾಡಿದರು.

ಅಕ್ಕ ಡಬ್ಬಿ ನೋಡಿ ಕೈ ಹಿಂದಕ್ಕೆ ಎಳೆದುಕೊಂಡಳು. "ಬ್ಯಾಡ ಗೌಡ್ರೇ. ನನ್ನ ಬೆರಳು ನಂಬಿ ನೀವು ಒಂದ್ಸಲ ಕೆಟ್ಟೀರಿ. ಇನ್ನೊಬ್ರು ಯಾರಿಗಾದ್ರೂ ತೋರ್ಸ್ರಿ."

ಆಗ ಹೇಳಿದೆ. ಕಿಟಕಿ, ಇಸ್ಪೀಟು, ಎರಚಲು, ಹಿತ್ತಿಲಲ್ಲಿ ಹಾಸಿದ ಪೇಪರು, ನಾನು ಕಟ್ಟಿದ ನೂಲು, ಎಲ್ಲವನ್ನೂ ನೆಲ ನೋಡುತ್ತ ಹೇಳಿದೆ. ಅವಳು ಕೇಳಿದ ಪ್ರಶ್ನೆಗೆ ಇಲ್ಲಕ್ಕ ಎಂದದ್ದನ್ನೂ ಹೇಳಿದೆ. ಒಳಗೆ ಕುಕ್ಕರು ಎರಡು ಸಲ ಕೂಗಿತು.

ಮೊದಲು ಮಾತಾಡಿದವರು ಗೌಡರು. "ಹನ್ನೆರಡು ವರ್ಷ ಆ ಹಂದಿಗೆ ಬೈದೆನಲ್ಲೋ," ಎಂದರು. ಕೋಲನ್ನು ನೆಲಕ್ಕೆ ಒಮ್ಮೆ ಕುಟ್ಟಿದರು. ನನ್ನ ಮುಖ ನೋಡದೆ ಬಾಗಿಲಾಚೆ ನೋಡುತ್ತ ಕೂತರು. ಆ ಸಿಟ್ಟು ನ್ಯಾಯವಾದದ್ದು.

ಅಕ್ಕ ನನ್ನನ್ನು ಬೈಯಲಿಲ್ಲ. ತನ್ನ ಬಲಗೈಯನ್ನು ಮುಂದೆ ಹಿಡಿದು, ಯಾರದೋ ಕೈ ನೋಡುವ ಹಾಗೆ ಬಹಳ ಹೊತ್ತು ನೋಡಿದಳು. ಆಮೇಲೆ ಡಬ್ಬಿಯನ್ನು ಹತ್ತಿರ ಎಳೆದುಕೊಂಡು, ಮುಚ್ಚಳ ತೆಗೆದು, ಒಂದು ಚಿಟಿಕೆ ಮದ್ದನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ತಿಕ್ಕಿದಳು. ಕಣ್ಣು ಮುಚ್ಚಿದ್ದವು. ಇನ್ನೊಂದು ಚಿಟಿಕೆ ತೆಗೆದು ಹಿತ್ತಿಲಿಗೆ ಹೋದಳು. ಬಂದಾಗ ಕೈಯಲ್ಲಿದ್ದ ಹಾಳೆಯ ಮೇಲೆ ಹೇಳಿಕೊಳ್ಳುವಂಥ ಕಲೆ ಇರಲಿಲ್ಲ.

"ಚಲೋ ಐತೆ ಗೌಡ್ರೇ. ಇದನ್ನ ಒಯ್ರಿ," ಎಂದಳು. ಅವಳ ಮುಖದಲ್ಲಿ ಒಂದು ನಗು ಹಣಕಿತು. ತೆಗೆದ ಕೈಯಲ್ಲೇ ಮುಚ್ಚಳ ಹಾಕಿ, ಸೊಸೆಯ ಹೊಲಿಗೆ ಡಬ್ಬದಿಂದ ಬಿಳಿ ನೂಲು ತರಿಸಿ ಸುತ್ತಿದಳು. ಗಂಟು ಬಿಗಿಯುತ್ತ ನನ್ನ ಕಡೆ ನೋಡಿ, "ಎಲ್ಲಾ ಹೇಳಿದ್ಯಾ? ಇನ್ನೇನಾದ್ರೂ ಉಳಿದೈತಾ ತಮ್ಮ?" ಎಂದು ಕೇಳಿದಳು.

ನಡೆದದ್ದನ್ನೆಲ್ಲ ಹೇಳಿದ್ದೆ. ಹೇಳಬೇಕಾದ ಮಾತೊಂದೇ ಉಳಿದಿತ್ತು. ಗೌಡರ ಕಾಲು ಮುಟ್ಟಿ ಎದ್ದು, ಅಕ್ಕನ ಎದುರು ಕೂತೆ.

"ತಪ್ಪಾತಕ್ಕ," ಎಂದೆ. "ನಿನ್ನ ಕೈ ಯಾವತ್ತೂ ತಪ್ಪಿರ್ಲಿಲ್ಲ. ನನ್ನ ಕೈ ತಪ್ಪಿದ್ದು, ಆಮೇಲೆ ನನ್ನ ಬಾಯಿ. ನನ್ನ ಕ್ಷಮಿಸು."