ಅತ್ತಿಗೆಯ ಹಗುರ ಪಾದ

ನಮ್ಮತ್ತಿಗೆ ಟ್ಯಾಕ್ಸಿ ಓಡಿಸುತ್ತಾಳೆ. ಸ್ಟ್ಯಾಂಡಿನವರು ಅವಳನ್ನು ಬೆಕ್ಕಮ್ಮ ಎನ್ನುತ್ತಾರೆ. ಪೆಟ್ರೋಲಿನಲ್ಲೂ ಬ್ಯಾಟರಿಯಲ್ಲೂ ಓಡುವ ಅವಳ ಹೈಬ್ರಿಡ್ ಕಾರು ಸದ್ದಿಲ್ಲದೆ ಬಂದು ಬೆನ್ನ ಹಿಂದೆ ನಿಂತಿರುತ್ತದೆ. ತಿರುಗಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ.

ಪೆಟ್ರೋಲ್ ಉಳಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ದೂರದಲ್ಲಿ ಕೆಂಪು ದೀಪ ಕಂಡರೆ ಸಾಕು, ಆಗಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಾಳೆ. ಬ್ರೇಕನ್ನು ಮೆಲ್ಲಗೆ ಒತ್ತಿದರೆ ಬ್ಯಾಟರಿ ತುಂಬುತ್ತದೆ, ಧಡಕ್ಕನೆ ಒತ್ತಿದರೆ ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

"ಕಾಲಡಿ ಕೋಳಿಮೊಟ್ಟೆ ಇದೆ ಅಂದ್ಕೊಂಡು ಓಡಿಸ್ಬೇಕು ಕಣೇ," ಎನ್ನುತ್ತಿದ್ದಳು ನನಗೆ.

ನನ್ನಣ್ಣ ಬಿಡುತ್ತಿರಲಿಲ್ಲ. "ಇವಳ ಕಾರಲ್ಲಿ ಮದುವೆಗೆ ಹೊರಟ್ರೆ ಮೊಮ್ಮಕ್ಕಳನ್ನ ಆಡಿಸೋ ಹೊತ್ತಿಗೆ ತಲುಪ್ತೀವಿ!" ಅವನ ಬಾಯಿಗೆ ಬೀಗವೇ ಇರಲಿಲ್ಲ.

ಒಂದು ಮಧ್ಯಾಹ್ನ ಅವನಿಗೆ ಎದೆನೋವು ಬಂತು. ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿ ಆಸ್ಪತ್ರೆಗೆ ಹೊರಟೆವು. ನಾನು ಮುಂದೆ ಕೂತಿದ್ದೆ. ಇಳಿಜಾರು ರಸ್ತೆ, ಖಾಲಿ.

"ಜೋರಾಗಿ ಒತ್ತು ಅತ್ತಿಗೆ!"

"ಒತ್ತಿದೀನಲ್ಲೇ!"

ಬಗ್ಗಿ ನೋಡಿದೆ. ಪಾದವನ್ನು ಪೆಡಲಿನ ಮೇಲೆ ಸುಮ್ಮನೆ ಇಟ್ಟಂತಿತ್ತು. ಅವಳ ಮುಖದಲ್ಲಿ ಬೆವರು ಸುರಿಯುತ್ತಿತ್ತು. ಒತ್ತುತ್ತಿದ್ದೇನೆ ಎಂದೇ ಅವಳು ನಂಬಿದ್ದಳು. ದೂರದಲ್ಲಿ ಕೆಂಪು ದೀಪ ಕಂಡಿತು. ಪಾದ ತಾನಾಗಿ ಮೇಲೆದ್ದಿತು, ಬೇರೆ ಯಾರದೋ ಪಾದದ ಹಾಗೆ. ಕೈ ಹಾಕಿ ಅವಳ ಮೊಣಕಾಲನ್ನು ಒತ್ತಿದೆ. ಮರದ ಕೊರಡು ಒತ್ತಿದಂತಾಯಿತು.

ಕಾರು ಬ್ಯಾಟರಿಯಲ್ಲೇ ಸಾಗಿತು, ಎಂಜಿನ್ ಒಮ್ಮೆಯೂ ಶುರುವಾಗಲಿಲ್ಲ. ಆ ಮೌನದಲ್ಲಿ ಅಣ್ಣನ ಉಸಿರು ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

"ನಿದ್ದೆ ಹತ್ತಿತು ನೋಡು," ಎಂದಳು ಅತ್ತಿಗೆ. ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತಾಗ ಪರದೆಯ ಮೇಲೆ ಮೈಲೇಜ್ ಮೂಡಿತು. ಅಷ್ಟು ಒಳ್ಳೆಯ ಮೈಲೇಜ್ ಅವಳಿಗೆ ಎಂದೂ ಬಂದಿರಲಿಲ್ಲ. ಇನ್ನೂ ಸ್ವಲ್ಪ ಮುಂಚೆ ತರಬೇಕಿತ್ತು ಎಂದರು ಡಾಕ್ಟರು. ಅವರು ಎಲ್ಲರಿಗೂ ಹಾಗೇ ಹೇಳುವುದು ಎಂದು ಅತ್ತಿಗೆಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ಗಂಡನನ್ನು ಕೊಟ್ಟು ಪೆಟ್ರೋಲ್ ಉಳಿಸಿದಳು ಎಂದು ಸ್ಟ್ಯಾಂಡಿನಲ್ಲಿ ಆಡಿಕೊಂಡವರ ಬಾಯಿಗೆ ಮಣ್ಣು ಬೀಳಲಿ! ಅವಳು ಅವನನ್ನು ಎಷ್ಟು ಪ್ರೀತಿಸುತ್ತಿದ್ದಳು ಎಂದು ನನಗೆ ಗೊತ್ತು.

ಈಗಲೂ ಅದೇ ಕಾರು, ಅದೇ ಹಗುರ ಪಾದ. ಆದರೆ ಹಿಂದೆ ಕೂತವರು ಕೊಂಚ ಸುಮ್ಮನಾದರೂ ಕಾರನ್ನು ಪಕ್ಕಕ್ಕೆ ನಿಲ್ಲಿಸಿಬಿಡುತ್ತಾಳೆ. ಕನ್ನಡಿ ನೋಡುವುದಿಲ್ಲ, ತಿರುಗುವುದೂ ಇಲ್ಲ. "ಇದ್ದೀರಾ?" ಎಂದು ಕೇಳಿ, ಉತ್ತರ ಬರುವ ತನಕ ಕಾಯುತ್ತಾಳೆ.

ಹೋದ ವಾರ ನಾನು ಅವಳ ಪಕ್ಕ ಕೂತಿದ್ದೆ. ಹಿಂದಿನ ಸೀಟು ಖಾಲಿ ಇತ್ತು. ಆದರೂ ನಿಲ್ಲಿಸಿದಳು.

"ಇದ್ದೀರಾ?"

ಕಾದಳು. ನನಗೇನೂ ಕೇಳಿಸಲಿಲ್ಲ.

"ಸರಿ ಹಾಗಾದ್ರೆ," ಎಂದು ಕಾರು ಹೊರಡಿಸಿದಳು.